ಬೆನ್ನ ಮೇಲಿನ ಹಿಟ್ಟು

ಡಿಪೋದಲ್ಲಿ ನನಗೆ ಹದ್ದು ಅಂತ ಹೆಸರು. ಎದುರಿಗೆ ಯಾರೂ ಕರೆಯುವುದಿಲ್ಲ, ಬೆನ್ನ ಹಿಂದೆ ಕರೆಯುತ್ತಾರೆ. ಆದರೆ ನನ್ನ ಬೆನ್ನಿಗೂ ಕಿವಿ ಇದೆ. ಹತ್ತೊಂಬತ್ತು ವರ್ಷದಿಂದ ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದೇನೆ. ಟಿಕೆಟ್ ಇಲ್ಲದವರನ್ನು ಹಿಡಿಯಲು ನಾನು ಟಿಕೆಟ್ ಕೇಳಬೇಕಾಗಿಯೇ ಇಲ್ಲ. ನಾನು ಹತ್ತಿದ ಕೂಡಲೇ ಕಿಟಕಿಯ ಹೊರಗೆ ಏನೋ ಮಹಾ ವಿಷಯ ನಡೆಯುತ್ತಿರುವ ಹಾಗೆ ನೋಡುವವನೊಬ್ಬ. ನಿದ್ದೆಯ ನಾಟಕವಾಡಿ ರೆಪ್ಪೆ ಅದುರಿಸುವವಳೊಬ್ಬಳು. ಕೇಳುವ ಮೊದಲೇ ಜೇಬು ತಡಕಾಡುವವನಂತೂ ನೂರಕ್ಕೆ ನೂರು ಕಳ್ಳ.

ಹೀಗಿರುವಾಗ ಅಮ್ಮನ ಜೇನುಪೆಟ್ಟಿಗೆಯ ಬಾಗಿಲಲ್ಲಿ ಕಳ್ಳತನ ನಡೆಯುತ್ತಿದೆ ಎಂದು ತಿಳಿಯಲು ನನಗೆ ಐದು ನಿಮಿಷ ಸಾಕಾಯಿತು. ಕಳ್ಳರು ಯಾರ ಕಡೆಯವರು ಎಂದು ತೀರ್ಮಾನಿಸಲು ಅಷ್ಟೂ ಬೇಕಾಗಲಿಲ್ಲ.

ಮೊದಲು ಪೆಟ್ಟಿಗೆಗಳ ವಿಷಯ ಹೇಳಿಬಿಡುತ್ತೇನೆ. ಅಮ್ಮ ಮೂವತ್ತು ವರ್ಷ ತಾರಸಿಯ ಮೇಲೆ ಜೇನು ಸಾಕಿದವಳು. ಅವಳದು ಹಸಿರು ಬಣ್ಣದ ಪೆಟ್ಟಿಗೆ, ಒಂದು ಮೂಲೆ ಗೆದ್ದಲು ತಿಂದು ಅಲ್ಲಿಗೆ ತಗಡು ಹೊಡೆದದ್ದು. ಅದರಲ್ಲಿದ್ದ ಜೇನಿನ ಕುಟುಂಬವನ್ನೇ ಪಾಲು ಮಾಡಿ ಅವಳು ಹಳದಿ ಪೆಟ್ಟಿಗೆಯನ್ನು ನನಗೂ ನೀಲಿಯನ್ನು ಅಕ್ಕನಿಗೂ ಕೊಟ್ಟಿದ್ದಳು. ಹೋದ ವರ್ಷ ಅಮ್ಮ ತೀರಿಕೊಂಡ ಮೇಲೆ ಹಸಿರು ನನ್ನ ಪಾಲಿಗೇ ಬಂತು, ಯಾಕೆಂದರೆ ಅಮ್ಮನ ಜೊತೆ ಇದ್ದವಳು ನಾನು. ಅಕ್ಕನ ಮನೆ ಪಕ್ಕದ್ದೇ. ಕೆಳಗೆ ಭಾವನ ಬೇಕರಿ, ಮೇಲೆ ಅವರ ಸಂಸಾರ. ಎರಡು ತಾರಸಿಗಳ ನಡುವೆ ಮೊಣಕಾಲೆತ್ತರದ ಒಂದು ಗೋಡೆ. ಈ ಕಡೆ ನನ್ನ ಹಸಿರು ಮತ್ತು ಹಳದಿ, ಹತ್ತು ಹೆಜ್ಜೆ ಅಂತರದಲ್ಲಿ. ಆ ಕಡೆ ನಾಲ್ಕು ಇಟ್ಟಿಗೆಯ ಮೇಲೆ ಅಕ್ಕನ ನೀಲಿ.

ಹಳದಿಯ ಬಗ್ಗೆ ನನಗೆ ಸ್ವಲ್ಪ ಜಂಬ ಇತ್ತು. ಬಂದವರಿಗೆಲ್ಲ ತೋರಿಸುತ್ತಿದ್ದೆ. ಅಷ್ಟು ಹುರುಪಿನ ಕುಟುಂಬ ಅಮ್ಮನ ಕಾಲದಲ್ಲೂ ಇರಲಿಲ್ಲ. ಹಸಿರು ಮಾತ್ರ ಮೊದಲಿಂದ ಸಾಧು. ಅಮ್ಮ ಬರಿಗೈಯಲ್ಲಿ ಮುಚ್ಚಳ ತೆಗೆದರೂ ಒಂದು ಹುಳ ಕುಟುಕುತ್ತಿರಲಿಲ್ಲ. ಅಮ್ಮನದು ಅಂತ ನನ್ನಲ್ಲಿ ಉಸಿರಾಡುತ್ತಿರುವುದು ಅದೊಂದೇ. ಅದು ಹೋದರೆ ಅಮ್ಮ ಇನ್ನೊಂದು ಸಲ ಹೋದ ಹಾಗೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಈ ವರ್ಷ ಮೊಗ್ಗು ಬಿಡುವ ಹೊತ್ತಿಗೆ ಸರಿಯಾಗಿ ಲೈನ್‌ಮನ್‌ಗಳು ಬಂದು, ತಂತಿಗೆ ತಾಗುತ್ತದೆ ಎಂದು ಬೀದಿಯ ಮರಗಳನ್ನೆಲ್ಲ ಬೋಳಿಸಿ ಹೋದರು. ಅವರಿಗೆ ಅದು ಅರ್ಧ ದಿನದ ಕೆಲಸ. ಜೇನಿಗೆ ಎರಡು ತಿಂಗಳ ಊಟ. ಹೂವು ಇಲ್ಲ, ಪರಾಗ ಇಲ್ಲ. ಹುಳಗಳು ಬೆಳಿಗ್ಗೆ ಹೊರಡುತ್ತಿದ್ದವು, ಖಾಲಿ ಕೈಯಲ್ಲಿ ಬರುತ್ತಿದ್ದವು. ನಾನು ಹಸಿರಿಗೆ ಸಕ್ಕರೆ ನೀರು ಕೊಡತೊಡಗಿದೆ. ಬೆಳಗಿನ ಪಾಳಿ ಮುಗಿಸಿ ಒಂದು ಗಂಟೆಗೆ ಬಂದವಳೇ ಯೂನಿಫಾರ್ಮಿನಲ್ಲೇ ತಾರಸಿ ಹತ್ತಿ, ಮುಚ್ಚಳ ತೆಗೆದು, ಒಳಗಿನ ತಟ್ಟೆಗೆ ಚೊಂಬಿನಿಂದ ಸುರಿದು, ಆಮೇಲೆ ಊಟಕ್ಕೆ ಕೂರುತ್ತಿದ್ದೆ. ಅಮ್ಮ ಇದನ್ನು ಯಾವಾಗಲೂ ಕತ್ತಲಾಗುವ ಹೊತ್ತಿಗೆ, ಹುಳಗಳೆಲ್ಲ ಮನೆ ಸೇರಿದ ಮೇಲೆ ಮಾಡುತ್ತಿದ್ದಳು. ಅವಳಿಗೆ ಪುರುಸೊತ್ತಿತ್ತು, ನನಗೆ ಡ್ಯೂಟಿ ಇತ್ತು. ಹೊತ್ತು ಯಾವುದಾದರೇನು, ಹೊಟ್ಟೆ ತುಂಬಿದರೆ ಸಾಕು ಅಂದುಕೊಂಡೆ.

ಹತ್ತು ದಿನ ಕಳೆಯುವಷ್ಟರಲ್ಲಿ ಹಸಿರಿನ ಬಾಗಿಲ ಹಲಗೆಯ ಮೇಲೆ ಸತ್ತ ಹುಳಗಳು ಕಾಣಿಸಿದವು. ಮೊದಲ ದಿನ ಒಂದು ಹಿಡಿ, ಮಾರನೆಯ ದಿನ ಎರಡು. ಒಂದು ಮನೆ ಸೊರಗಿದರೆ ಎಷ್ಟು ಜನರ ಹೊಟ್ಟೆ ತುಂಬುತ್ತದೆ ಎಂದು ಆಗ ನೋಡಿದೆ. ಇರುವೆಗಳು ಸಾಲು ಹಿಡಿದು ಬಂದು ರೆಕ್ಕೆಗಳನ್ನು ಹಾಯಿಯಂತೆ ಎತ್ತಿ ಹೊತ್ತುಕೊಂಡು ಹೋದವು. ನೀರಿನ ಟ್ಯಾಂಕಿನ ಕೆಳಗಿದ್ದ ಹಲ್ಲಿ ಎಂಟೇ ದಿನಕ್ಕೆ ಮದುವೆಮನೆಯಲ್ಲಿ ಉಂಡವನ ಹಾಗೆ ಊದಿಕೊಂಡಿತು. ಜೇಡ ಬಾಗಿಲ ಪಕ್ಕಕ್ಕೇ ಬಲೆ ಬದಲಾಯಿಸಿತು. ಒಳಗೆ, ಕಾವಲಿಲ್ಲದ ಎರಿಯ, ಅಂದರೆ ಮೇಣದ ಹುಟ್ಟಿನ, ಮೂಲೆಯಲ್ಲಿ ಮೇಣ ತಿನ್ನುವ ಹುಳದ ಬಿಳಿ ನೂಲು ಕಾಣಿಸಿತು. ಯಾರಿಗೂ ಯಾರ ಮೇಲೂ ದ್ವೇಷ ಇದ್ದಂತಿರಲಿಲ್ಲ. ಬಾಗಿಲು ಸಡಿಲವಾಗಿತ್ತು, ಬಂದರು.

ಆದರೆ ಹಲ್ಲಿ ಜೇಡ ಇರುವೆಗಳೆಲ್ಲ ಎಂಜಲಿಗೆ ಬಂದವರು. ಕೊಲ್ಲುತ್ತಿದ್ದವರು ಬೇರೆ. ನಾನು ಸ್ಟೂಲ್ ಹಾಕಿಕೊಂಡು ಕೂತು ನೋಡಿದೆ. ನ್ಯಾಯವಾದ ಜೇನುಹುಳ ಬರುವಾಗ ಭಾರವಾಗಿ ಬಂದು ನೇರವಾಗಿ ಬಾಗಿಲಿಗೆ ಇಳಿಯುತ್ತದೆ, ಹೋಗುವಾಗ ಹಗುರವಾಗಿ ಹೋಗುತ್ತದೆ. ಇಲ್ಲಿ ಎಲ್ಲ ತಿರುಗುಮುರುಗು. ಕೆಲವು ಹುಳಗಳು ಬಾಗಿಲ ಮುಂದೆ ಆ ಕಡೆ ಈ ಕಡೆ ತೂಗಾಡುತ್ತ, ಕಾವಲಿನ ಹುಳದ ಕಣ್ಣು ತಪ್ಪಿಸಲು ಸಂದು ಹುಡುಕುತ್ತಿದ್ದವು. ತಗಡಿನ ಮೂಲೆಯಿಂದ ನುಸುಳುತ್ತಿದ್ದವು. ಹೊರಗೆ ಬರುವಾಗ ಹೊಟ್ಟೆ ಭಾರಕ್ಕೆ ಒಂದು ಗೇಣು ಕೆಳಕ್ಕೆ ಕುಸಿದು ಆಮೇಲೆ ಏಳುತ್ತಿದ್ದವು. ನನ್ನ ಬಸ್ಸಿನ ಗಿರಾಕಿಗಳೇ! ಹಿಂದಿನ ಬಾಗಿಲಿಂದ ಹತ್ತಿ ಮುಂದಿನ ಬಾಗಿಲಿಂದ ಇಳಿಯುವ ಜಾತಿ.

ಎಲ್ಲಿಂದ ಬಂದವು? ತಲೆ ಎತ್ತಿದರೆ ಎದುರಿಗೇ ಗೋಡೆ, ಗೋಡೆಯಾಚೆ ನೀಲಿ ಪೆಟ್ಟಿಗೆ.

ಆ ಪೆಟ್ಟಿಗೆಯ ಬಾಗಿಲನ್ನು ಅಕ್ಕ ಮರದ ಚಕ್ಕೆ ಹೊಡೆದು ಒಂದೇ ಒಂದು ಹುಳ ಹೋಗುವಷ್ಟು ಕಿರಿದು ಮಾಡಿದ್ದಳು. ಮೊದಲೆಂದೂ ಹಾಗಿರಲಿಲ್ಲ. ಮನೆಯೊಳಗೆ ಬಚ್ಚಿಡುವಂಥದ್ದು ಇಲ್ಲದಿದ್ದರೆ ಬಾಗಿಲನ್ನು ಇಷ್ಟು ಬಿಗಿ ಯಾಕೆ ಮಾಡಬೇಕು? ಅದೇ ವಾರ ಬೇಕರಿಯ ಹಲಗೆಯ ಮೇಲೆ ಭಾವ ಸೀಮೆಸುಣ್ಣದಲ್ಲಿ ಬರೆದಿದ್ದರು: ‘ಹೊಸತು! ಜೇನಿನ ಬನ್.’ ಊರಲ್ಲಿ ಒಂದು ಹೂವಿಲ್ಲ, ಇವರಿಗೆ ಜೇನು ಎಲ್ಲಿಂದ ಬಂತು?

ಒಂದು ಬನ್ ತರಿಸಿ ತಿಂದು ನೋಡಿದೆ. ಸಿಹಿಯಾಗಿತ್ತು. ಅನುಮಾನಕ್ಕೆ ಅಷ್ಟು ಸಾಕು.

ಆಮೇಲೆ ಅಕ್ಕನ ಪ್ರತಿಯೊಂದು ಚಲನೆಯೂ ನನಗೆ ಸಾಕ್ಷಿಯಾಯಿತು. ಬಟ್ಟೆ ಒಣಗಿಸಲು ಬಂದವಳು ನನ್ನನ್ನು ಕಂಡು ಬಕೆಟ್ ಅಲ್ಲೇ ಬಿಟ್ಟು ಕೆಳಗಿಳಿದಳು. ಇನ್ನೊಂದು ದಿನ ನೀಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಏನೋ ಮಾಡುತ್ತಿದ್ದವಳು, ನನ್ನ ಚಪ್ಪಲಿ ಸದ್ದಿಗೆ ಎದ್ದು, ಕೈಯಲ್ಲಿದ್ದ ಜರಡಿಯನ್ನು ಬೆನ್ನ ಹಿಂದೆ ಹಿಡಿದಳು. ಜೇನುಪೆಟ್ಟಿಗೆ ಮುಂದೆ ಬೇಕರಿಯ ಜರಡಿಗೆ ಏನು ಕೆಲಸ? ಅವತ್ತೇ ನನ್ನ ಹಳದಿಯ ಬಾಗಿಲಿಗೆ ಬೆನ್ನು ಬೆಳ್ಳಗಾಗಿದ್ದ ಏಳೆಂಟು ಹುಳಗಳು ಬಂದಿಳಿದಿದ್ದವು. ಭಾವನ ಹಿಟ್ಟಿನ ಮೂಟೆಯಲ್ಲಿ ಹೊರಳಿ ಬಂದಿರಬೇಕು ಎಂದು ನಕ್ಕು ಸುಮ್ಮನಾಗಿದ್ದೆ. ನನ್ನ ಹುಳಗಳ ಮೇಲೆ ನನಗೇಕೆ ಅನುಮಾನ?

ಬುಧವಾರ ಮಧ್ಯಾಹ್ನ ನಾನು ಚೊಂಬು ಹಿಡಿದು ನಿಂತಿದ್ದಾಗ ಅಕ್ಕ ತಾನೇ ಗೋಡೆಯ ಹತ್ತಿರ ಬಂದಳು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿತ್ತು.

“ಗುಬ್ಬಿ, ಒಂದು ಮಾತು ಹೇಳ್ಬೇಕಿತ್ತು,” ಅಂದಳು. ಮನೆಯಲ್ಲಿ ನಾನು ಗುಬ್ಬಿ. “ನೀನು ಈ ಹೊತ್ತಲ್ಲಿ ಸಕ್ಕರೆ ನೀರು ಹಾಕೋದು...”

“ಹಾಕಿದ್ರೆ ನಿಂಗೇನಕ್ಕ? ನನ್ನ ಸಕ್ಕರೆ, ನನ್ನ ಪೆಟ್ಟಿಗೆ.”

“ಅದಲ್ವೇ. ವಾಸನೆಗೆ ಬೇರೆ ಗೂಡಿನ ಹುಳಗಳು...”

“ಗೊತ್ತು ಬಿಡು ಯಾವ ಗೂಡಿನವು ಅಂತ! ಎದುರಿಗೇ ಇದೆಯಲ್ಲ. ಬಾಗಿಲಿಗೆ ಚಕ್ಕೆ ಹೊಡೆದು, ಒಳಗೆ ಅಮ್ಮನ ಪೆಟ್ಟಿಗೆ ಜೇನು ತುಂಬಿಸ್ಕೊಂಡು, ಕೆಳಗೆ ಬನ್ ಮಾರ್ತಿದ್ದೀರ. ನಾನೇನು ಕಣ್ಣು ಮುಚ್ಕೊಂಡು ಕೂತಿದ್ದೀನಾ?”

ಅಕ್ಕ ಹಳದಿ ಪೆಟ್ಟಿಗೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

“ಏನು ಮಾಡ್ಲಿ ಅಂತೀಯಾ?” ಅಂದಳು ಕೊನೆಗೆ.

“ಆ ಪೆಟ್ಟಿಗೆ ಇಲ್ಲಿಂದ ಹೋಗ್ಬೇಕು. ಭಾನುವಾರದೊಳಗೆ. ಅಮ್ಮನ ಪೆಟ್ಟಿಗೆ ಸತ್ತರೆ ನಿನ್ನ ಹೊಸ್ತಿಲು ತುಳಿಯಲ್ಲ ನಾನು.”

“ಆಯ್ತು,” ಅಂದಳು.

ಇಷ್ಟು ಸುಲಭವಾಗಿ ಒಪ್ಪಿಕೊಂಡರೆ ತಪ್ಪಿತಸ್ಥರೇ. ಬಸ್ಸಿನಲ್ಲೂ ಹಾಗೇ, ಟಿಕೆಟ್ ಇದ್ದವನು ಜಗಳಕ್ಕೆ ಬರುತ್ತಾನೆ, ಇಲ್ಲದವನು ದಂಡ ಎಷ್ಟು ಎಂದು ಕೇಳುತ್ತಾನೆ. ಗೆದ್ದೆ ಅನ್ನಿಸಿತು. ಗೆದ್ದ ಖುಷಿ ಮಾತ್ರ ಬರಲಿಲ್ಲ.

ಶನಿವಾರ ಬಿಸಿಲು ನೆತ್ತಿಗೆ ಬಂದಿದ್ದಾಗ ಭಾವ ನೀಲಿ ಪೆಟ್ಟಿಗೆಯನ್ನು ಕೆಳಗಿಳಿಸಿದರು. ಬೇಕರಿಯವರ ತೋಳು ತೋಳೇ. ಒಬ್ಬರೇ, ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಮೆಟ್ಟಿಲ ಸರಳು ಹಿಡಿದು ಇಳಿದರು. ಅಮ್ಮನಾಗಿದ್ದರೆ ಹಗಲಲ್ಲಿ ಪೆಟ್ಟಿಗೆ ಕದಲಿಸಲು ಬಿಡುತ್ತಿರಲಿಲ್ಲ, ಹೊರಗೆ ಹೋದ ಹುಳಗಳು ದಿಕ್ಕೆಡುತ್ತವೆ. ಇವರಿಗೆ ಅಷ್ಟೂ ಕರುಣೆ ಇಲ್ಲ ಅಂದುಕೊಂಡೆ. ಜೇನನ್ನು ಮೊದಲೇ ಹಿಂಡಿ ತೆಗೆದಿರಬೇಕು, ಅದಕ್ಕೇ ಅಷ್ಟು ಹಗುರ, ಎಂದೂ ಅಂದುಕೊಂಡೆ.

“ಎಲ್ಲಿಗೆ ಭಾವ?” ಎಂದು ಮೇಲಿಂದ ಕೂಗಿದೆ.

“ದೂರಕ್ಕಮ್ಮ,” ಅಂದರು, ತಲೆ ಎತ್ತದೆ.

ಭಾನುವಾರ ಹಲಗೆಯ ಮೇಲೆ ಮೂರು ಹಿಡಿ ಸತ್ತಿದ್ದವು. ಸೋಮವಾರ ನಾನು ಬಂದಾಗ ಹಸಿರಿನ ಬಾಗಿಲು ಸಂತೆಯಾಗಿತ್ತು. ಕಾವಲಿನ ಹುಳ ಒಂದೂ ಕಾಣಲಿಲ್ಲ. ಮುಚ್ಚಳ ತೆಗೆದು ನೋಡಿದರೆ ರಾಣಿ ಇದ್ದಳು, ಅವಳ ಸುತ್ತ ನನ್ನ ಮುಷ್ಟಿಯಷ್ಟು ಹುಳಗಳು ಇದ್ದವು, ಮಿಕ್ಕದ್ದೆಲ್ಲ ಹರಿದ ಖಾಲಿ ಎರಿ.

ನೀಲಿ ಹೋಗಿ ಎರಡು ದಿನವಾಗಿದೆ, ಕಳ್ಳತನ ಇಮ್ಮಡಿಯಾಗಿದೆ. ಬೇರೆಯವರಾಗಿದ್ದರೆ ಇಲ್ಲೇ ಯೋಚಿಸುತ್ತಿದ್ದರು. ನಾನು ಯೋಚಿಸಿದ್ದು ಇಷ್ಟೇ: ದೂರಕ್ಕೆ ಅಂದದ್ದು ಸುಳ್ಳು. ಇಲ್ಲೇ ಎಲ್ಲೋ, ಬೇಕರಿಯ ಹಿತ್ತಲಲ್ಲೋ ಗೋದಾಮಿನ ಮಾಡಿನ ಮೇಲೋ ಬಚ್ಚಿಟ್ಟಿದ್ದಾರೆ. ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ. ಹುಳದ ಬೆನ್ನು ಹತ್ತಿ ಹೋದರೆ ಮಾಲು ಸಮೇತ ಸಿಗುತ್ತಾರೆ.

ಅಮ್ಮ ಹೇಳಿಕೊಟ್ಟ ಒಂದು ಉಪಾಯವಿತ್ತು. ಯಾವ ಗೂಡು ಕದಿಯುತ್ತಿದೆ ಎಂದು ಗೊತ್ತಾಗದಿದ್ದರೆ, ಲೂಟಿಯಾಗುತ್ತಿರುವ ಪೆಟ್ಟಿಗೆಯಿಂದ ಹೊರಬೀಳುವ ಹುಳಗಳ ಮೇಲೆ ಜರಡಿಯಿಂದ ಹಿಟ್ಟು ಉದುರಿಸಬೇಕು. ಆಮೇಲೆ ಬೆಳ್ಳನೆಯ ಬೆನ್ನುಗಳು ಯಾವ ಬಾಗಿಲಿಗೆ ಹೋಗುತ್ತವೆ ನೋಡಬೇಕು. ಇಷ್ಟು ಸರಳ. ಮೊದಲೇ ಯಾಕೆ ಮಾಡಲಿಲ್ಲ ಎಂದರೆ, ಉತ್ತರ ಗೊತ್ತಿರುವ ಪ್ರಶ್ನೆಯನ್ನು ಯಾರು ಕೇಳುತ್ತಾರೆ?

ಹಿಟ್ಟು ಪಕ್ಕದ ಬೇಕರಿಯಲ್ಲಿ ಮೂಟೆಗಟ್ಟಲೆ ಇತ್ತು. ಅಲ್ಲಿಗೆ ಹೋದರೆ ಅವರಿಗೆ ನನ್ನ ಉಪಾಯದ ವಾಸನೆ ಹತ್ತುತ್ತದೆ ಎಂದು ಹಿಂದಿನ ಬೀದಿಯ ಅಂಗಡಿಗೆ ಹೋದೆ.

“ನಿಮ್ಮ ಭಾವಂದೇ ಬೇಕರಿ ಇದೆಯಲ್ಲ ಮೇಡಂ?” ಎಂದ ಅಂಗಡಿಯವನು.

“ಅವರ ಹಿಟ್ಟು ನನಗೆ ಒಗ್ಗಲ್ಲ,” ಅಂದೆ.

ಮಂಗಳವಾರ ಮಧ್ಯಾಹ್ನ ಹಸಿರಿನ ಬಾಗಿಲ ಪಕ್ಕ ಕೂತು ಜರಡಿ ತಟ್ಟಿದೆ. ಹೊರಬೀಳುತ್ತಿದ್ದ ಹುಳಗಳು ಒಂದೊಂದಾಗಿ ಬೆಳ್ಳಗಾದವು. ಮೊದಲನೆಯದು ಭಾರಕ್ಕೆ ಕುಸಿದು, ಎದ್ದು, ಗೋಡೆಯ ಕಡೆ ಹಾರಿತು. ಹೋಗು, ತೋರಿಸು ನಿನ್ನ ಯಜಮಾನಿಯ ಮನೆ! ಗೋಡೆಯ ಮೇಲೆ ಒಂದು ಸುತ್ತು ಹಾಕಿತು. ತಿರುಗಿತು. ನನ್ನ ತಲೆಯ ಮೇಲಿಂದಲೇ ಹಾದು, ಟ್ಯಾಂಕಿನ ನೆರಳಿಗೆ ಹೋಗಿ, ಹಳದಿ ಪೆಟ್ಟಿಗೆಯ ಬಾಗಿಲಿಗೆ ಇಳಿದು, ಸ್ವಂತ ಮನೆಗೆ ಹೋಗುವವರ ಹಾಗೆ ಒಳಗೆ ಹೋಯಿತು.

ದಾರಿ ತಪ್ಪಿರಬೇಕು ಅಂದುಕೊಂಡೆ. ಎರಡನೆಯದೂ ಅಲ್ಲಿಗೇ ಹೋಯಿತು. ಹತ್ತನೆಯದೂ. ಕೊನೆಗೆ ಜರಡಿ ಖಾಲಿಯಾಗುವವರೆಗೂ ಉದುರಿಸಿದೆ. ಒಂದೇ ಒಂದು ಹುಳ ಗೋಡೆ ದಾಟಲಿಲ್ಲ. ಹಳದಿಯ ಹಲಗೆ ಬೇಕರಿಯ ಮೇಜಿನಂತೆ ಬೆಳ್ಳಗಾಯಿತು.

ಆಗ ನೆನಪಾಯಿತು. ಆ ಏಳೆಂಟು ಬಿಳಿ ಬೆನ್ನುಗಳು. ಅಕ್ಕನ ಬೆನ್ನ ಹಿಂದಿನ ಜರಡಿ.

ಬೇಕರಿಯೊಳಗೆ ನುಗ್ಗಿದಾಗ ಅಕ್ಕ ಟ್ರೇಗಳಿಗೆ ಎಣ್ಣೆ ಸವರುತ್ತಿದ್ದಳು. ಭಾವ ಒಲೆಯ ಮುಂದಿದ್ದರು. ನನ್ನ ಕೈಗೆ, ಯೂನಿಫಾರ್ಮಿಗೆ ಮೆತ್ತಿದ್ದ ಹಿಟ್ಟು ನೋಡಿ ಅಕ್ಕನಿಗೆ ಎಲ್ಲ ತಿಳಿಯಿತು. ಬ್ರಷ್ ಕೆಳಗಿಟ್ಟಳು.

“ನಿಂಗೆ ಗೊತ್ತಿತ್ತು,” ಅಂದೆ.

“ಹ್ಞೂಂ.”

“ನಿನ್ನ ನೀಲಿಯನ್ನೂ ನನ್ನ ಹಳದಿಯವೇ...?”

“ಮೊದಲು ಬಂದಿದ್ದು ನಮ್ಮನೇಗೇ. ಅದಕ್ಕೇ ಬಾಗಿಲು ಕಿರಿದು ಮಾಡಿದ್ದು. ತಡೀಲಿಲ್ಲ. ನಿನ್ನ ಹಳದಿ ಹುಳಗಳು ಭಾರೀ ಗಟ್ಟಿ ಕಣೇ.”

“ಈಗ ನೀಲಿ ಎಲ್ಲಿದೆ?”

ಭಾವ ಹಿಟ್ಟಿನ ಮೂಟೆಗಳ ಹಿಂದೆ ಕೈ ತೋರಿಸಿದರು. ನೀಲಿ ಪೆಟ್ಟಿಗೆ ಅಲ್ಲಿತ್ತು, ಮುಚ್ಚಳ ತೆಗೆದು ಓರೆಯಾಗಿ ಇಟ್ಟಿದ್ದರು. ಒಳಗೆ ಏನೂ ಇರಲಿಲ್ಲ. ಒಂದು ಹುಳವೂ ಇರಲಿಲ್ಲ. ಎರಿಗಳನ್ನು ತೆಗೆದು ಅಕ್ಕ ಚೊಕ್ಕವಾಗಿ ಒರೆಸಿದ್ದಳು.

“ಬುಧವಾರವೇ ಮುಗಿದಿತ್ತಮ್ಮ,” ಅಂದರು ಭಾವ. “ಅವಳು ನಿನ್ನ ಹತ್ರ ಬಂದಿದ್ಳಲ್ಲ, ಅವತ್ತು ಬೆಳಿಗ್ಗೆ.”

ಹುಳ ತುಂಬಿದ ಪೆಟ್ಟಿಗೆಯನ್ನು ಇಬ್ಬರು ಹೊರಬೇಕು. ಅದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಕಂಕುಳಲ್ಲಿ ಅವುಚಿಕೊಂಡು, ನಡುಹಗಲಲ್ಲಿ, ಒಬ್ಬ ಮನುಷ್ಯ ಮೆಟ್ಟಿಲಿಳಿದಾಗ ಹದ್ದು ಮೇಲೆ ನಿಂತು ನೋಡುತ್ತಿತ್ತು. ಆ ಖಾಲಿ ಇಟ್ಟಿಗೆಗಳ ಸುತ್ತ ದಿಕ್ಕೆಟ್ಟು ಸುತ್ತುವ ಹುಳಗಳು ಯಾಕಿಲ್ಲ ಎಂದೂ ಅದಕ್ಕೆ ಅನ್ನಿಸಲಿಲ್ಲ.

“ಯಾಕೆ ಹೇಳಲಿಲ್ಲ ನೀನು?” ನನ್ನ ದನಿ ಏರಿತು. ಕೋಪ ನನ್ನ ಮೇಲಿನದು, ಬಿದ್ದದ್ದು ಅವಳ ಮೇಲೆ.

“ಹೇಳೋಕೆ ಬಂದಿದ್ನಲ್ಲೇ. ನೀನು ಆಗಲೇ ತೀರ್ಪು ಕೊಟ್ಟು ಆಗಿತ್ತು. ಟಿಕೆಟ್ ಕೈಗೆ ಕೊಟ್ರೂ ಹಿಂದೆ ಮುಂದೆ ತಿರುಗಿಸಿ ನೋಡೋಳು ನೀನು. ಸತ್ತ ಪೆಟ್ಟಿಗೆ ಇಟ್ಕೊಂಡು ನಿನ್ನ ಹತ್ರ ಜಗಳ ಆಡ್ಲಾ?” ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. “ನೀಲಿ ಹೋದ್ಮೇಲೆ ನೀನೇ ಹಿಟ್ಟು ಹಾಕಿ ನೋಡ್ತೀಯ ಅಂದ್ಕೊಂಡೆ. ಬೇಗ ನೋಡ್ತೀಯ ಅಂದ್ಕೊಂಡಿದ್ದೆ.”

“ಮತ್ತೆ ಆ ಜೇನಿನ ಬನ್?”

ಭಾವ ಒಲೆಯ ಕಡೆ ತಿರುಗಿಕೊಂಡರು. “ಅದು ಎಸೆನ್ಸ್,” ಅಂದರು. “ಯಾರಿಗೂ ಹೇಳ್ಬೇಡ.”

ನನಗೆ ನಗು ಬರಬೇಕಿತ್ತು. ಮೂಟೆಯ ಮೇಲೆ ಕೂತು ಅತ್ತುಬಿಟ್ಟೆ. ಹತ್ತೊಂಬತ್ತು ವರ್ಷದಲ್ಲಿ ನಾನು ಎಷ್ಟು ಜನರ ಮುಖ ನೋಡಿ ಕಳ್ಳ ಅಂದಿರಬಹುದು ಎಂದೂ ಆಗ ಹೊಳೆಯಿತು. ಅದನ್ನು ಅಲ್ಲಿಗೇ ಅದುಮಿದೆ, ಒಂದು ದಿನಕ್ಕೆ ಅಷ್ಟು ಸಾಕಾಗಿತ್ತು.

“ಅಳೋದು ಆಮೇಲೆ,” ಅಂದಳು ಅಕ್ಕ. “ಹಸಿರಲ್ಲಿ ರಾಣಿ ಇದ್ದಾಳಾ?”

“ಇದ್ದಾಳೆ. ಒಂದು ಮುಷ್ಟಿ ಹುಳ ಇವೆ.”

“ಹಾಗಿದ್ರೆ ಸಂಜೆ ಬರ್ತೀನಿ. ಜಾಗ ಅದಲು ಬದಲು ಮಾಡೋಣ.”

ಅಮ್ಮ ಒಂದೇ ಒಂದು ಸಲ ಹಾಗೆ ಮಾಡಿದ್ದಳಂತೆ, ನಾನು ಆಗ ಶಾಲೆಗೆ ಹೋಗುತ್ತಿದ್ದೆ. ಕದಿಯುವ ಪೆಟ್ಟಿಗೆಯನ್ನು ಎತ್ತಿ ಕಳೆದುಕೊಂಡ ಪೆಟ್ಟಿಗೆಯ ಜಾಗದಲ್ಲಿ ಇಡುವುದು, ಇದನ್ನು ಅದರ ಜಾಗದಲ್ಲಿ. ಹುಳಗಳು ಪೆಟ್ಟಿಗೆಯ ಬಣ್ಣಕ್ಕಿಂತ ಜಾಗವನ್ನೇ ನೆನಪಿಟ್ಟುಕೊಳ್ಳುತ್ತವೆ. ಮಾರನೆಯ ದಿನ ಹೊರಗೆ ಹೋದ ಕಳ್ಳರು ತಮ್ಮ ಮನೆ ಎಂದುಕೊಂಡು ಬಂದಿಳಿಯುವುದು ತಾವು ದೋಚಿದ ಮನೆಗೇ. ಅಲ್ಲೇ ದುಡಿಯುತ್ತವೆ, ಅಲ್ಲೇ ಕಾವಲಿಗೆ ನಿಲ್ಲುತ್ತವೆ.

“ಒಳಗಿನವು ಬಿಟ್ಕೊಳ್ತವಾ?” ಎಂದೆ.

“ಹೊಟ್ಟೆ ತುಂಬ್ಕೊಂಡು ಬಂದೋರನ್ನ ಬಿಟ್ಕೊಳ್ತವೆ, ಸಾಮಾನ್ಯವಾಗಿ. ಗ್ಯಾರಂಟಿ ಇಲ್ಲ.”

ಹೊತ್ತು ಮುಳುಗುವಾಗ ಅಕ್ಕ ಗೋಡೆ ದಾಟಿ ಬಂದಳು. ಮೊದಲು ಹಸಿರನ್ನು ಎತ್ತಿದೆವು. ಇಬ್ಬರು ಬೇಕಾಗಿರಲಿಲ್ಲ, ಆದರೂ ಇಬ್ಬರೂ ಹಿಡಿದೆವು. ಆಮೇಲೆ ಹಳದಿ. ಅದರ ಭಾರಕ್ಕೆ ಅಕ್ಕನ ಕುತ್ತಿಗೆಯ ನರ ಉಬ್ಬಿತು. ಅಷ್ಟೂ ಭಾರ ಅವಳದು ಮತ್ತು ಅಮ್ಮನದು ಎಂದು ನನಗೆ ಗೊತ್ತಿತ್ತು. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅದು ನನ್ನ ಕೈಗಿಂತ ಮನಸ್ಸಿಗೆ ಭಾರವಾಯಿತು. ಕತ್ತಲಾದ ಮೇಲೆ ಅಕ್ಕ ಹಸಿರಿನ ತಟ್ಟೆಗೆ ಸಕ್ಕರೆ ನೀರು ಸುರಿದಳು, ಒಂದು ಹನಿ ಹೊರಗೆ ಬೀಳದ ಹಾಗೆ, ಕೊನೆಗೆ ಚೊಂಬಿನ ಬಾಯಿಯನ್ನೂ ಒದ್ದೆ ಬಟ್ಟೆಯಿಂದ ಒರೆಸಿದಳು. ಅಮ್ಮ ಒರೆಸುತ್ತಿದ್ದುದು ನನಗೂ ನೆನಪಿತ್ತು. ಅದು ಅಮ್ಮನ ಶುಚಿಯ ಹುಚ್ಚು ಅಂದುಕೊಂಡಿದ್ದೆ. ಹಗಲಲ್ಲಿ ನಾನು ಸುರಿದ ಸಿಹಿಯ ವಾಸನೆಯೇ ಕಳ್ಳರನ್ನು ಕರೆದದ್ದು ಎಂದು ಈಗ ತಿಳಿಯಿತು.

ಹೊರಡುವಾಗ ಅವಳ ಕಾಲಿಗೆ ಹಿಟ್ಟಿನ ಪೊಟ್ಟಣ ತಾಗಿತು. ಎತ್ತಿ ಅದರ ಮೇಲಿದ್ದ ಅಂಗಡಿಯ ಹೆಸರು ಓದಿದಳು.

“ಹಿಂದಿನ ಬೀದಿಯಿಂದ ತಂದ್ಯಾ?”

ನಾನು ಚೊಂಬು ಎತ್ತಿಕೊಂಡೆ.

“ನಮ್ಮಲ್ಲಿ ಅಷ್ಟೊಂದು ಬಿದ್ದಿತ್ತಲ್ಲೇ ಗುಬ್ಬಿ,” ಅಂದಳು. ಇಡೀ ತಿಂಗಳಲ್ಲಿ ಅವಳ ದನಿ ಒಡೆದದ್ದು ಅದೊಂದು ಸಲ. ಪೆಟ್ಟಿಗೆ ಸತ್ತದ್ದಕ್ಕೆ ಒಡೆದಿರಲಿಲ್ಲ.

ಬೆಳಿಗ್ಗೆ ನಾನು ಡ್ಯೂಟಿಗೆ ರಜೆ ಹಾಕಿ ಹಸಿರಿನ ಮುಂದೆ ಕೂತೆ. ಬಿಸಿಲು ಬಂದ ಮೇಲೆ ಮೊದಲ ಹುಳ ಟ್ಯಾಂಕಿನ ನೆರಳಿಗೆ ಇಳಿಯಿತು. ಬೆನ್ನ ಮೇಲೆ ಇನ್ನೂ ಹಿಟ್ಟು ಇತ್ತು. ಬಾಗಿಲಲ್ಲಿ ಅಮ್ಮನ ಒಂದು ಹುಳ ಎದ್ದು ನಿಂತು ಅದನ್ನು ತಡೆಯಿತು, ಮೂಸಿತು, ಸುತ್ತು ಬಂದು ಮತ್ತೆ ಮೂಸಿತು. ಆಮೇಲೆ ಅದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

“ಬಿಟ್ಲಾ?” ಗೋಡೆಯಾಚೆಯಿಂದ ಅಕ್ಕನ ದನಿ. ಖಾಲಿ ಇಟ್ಟಿಗೆಗಳ ಪಕ್ಕದಲ್ಲಿ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ.

“ಬಿಟ್ಲು.”

“ಇವತ್ತು ಎಷ್ಟು ಹೊತ್ತಿಗೆ ಉಣಿಸ್ತೀಯಾ?”

“ಸಂಜೆ,” ಅಂದೆ. “ನೀನು ಬಂದ ಮೇಲೆ.”

ಅಕ್ಕ ನನ್ನ ಮುಖವನ್ನೇ ನೋಡಿದಳು, ನಾನು ಬಸ್ಸಿನಲ್ಲಿ ನೋಡುವ ಹಾಗೆ, ಬಹಳ ಹೊತ್ತು. ನಾನು ಬೇರೆ ಕಡೆ ನೋಡಲಿಲ್ಲ.